ಇಂಜಿನ್ ಇದ್ರೆ ಓಡುತ್ತೆ, ನಿಲ್ಲಿಸಿದ್ರೆ ಕೈ ಕೊಡುತ್ತೆ!

ಪ್ರಶ್ನೆ: ಸರ್, ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ಭಾವನವರು ಮಂಗಳೂರಲ್ಲಿ ಒಂದು ಹಾಯಿದೋಣಿ ಇಟ್ಟಿದ್ದಾರೆ, ಬಿಡುವಾದಾಗ ನಾನೂ ಘಟ್ಟ ಇಳಿದು ಹೋಗ್ತೀನಿ. ಅದರ ರೇಡಾರ್ ಹಳೇ ಮ್ಯಾಗ್ನೆಟ್ರಾನ್ (ರೇಡಾರ್ ಅಲೆ ಹುಟ್ಟಿಸೋ ಭಾಗ) ಮಾದರಿ, 12 ವೋಲ್ಟಿನದು. ಇಂಜಿನ್ ಓಡುವಾಗ ಏನೂ ತೊಂದರೆ ಇಲ್ಲ. ಇಂಜಿನ್ ನಿಲ್ಲಿಸಿ ಹಾಯಿ ಬಿಚ್ಚಿದ ಮೇಲೆ ಸ್ಟ್ಯಾಂಡ್‌ಬೈನಲ್ಲಿ ಸುಮ್ನೆ ಇರುತ್ತೆ, ಟ್ರಾನ್ಸ್‌ಮಿಟ್ ಒತ್ತಿದ ಕೂಡಲೇ ಸ್ಕ್ಯಾನರ್ (ಹಾಯಿಕಂಬದ ಮೇಲೆ ಕೂತಿರೋ ರೇಡಾರ್ ಭಾಗ) ಸಿಗ್ತಿಲ್ಲ ಅಂತ ಪರದೆ ಮೇಲೆ ಬರುತ್ತೆ. ಮೆಕ್ಯಾನಿಕ್ ಮ್ಯಾಗ್ನೆಟ್ರಾನ್ ಹೋಗಿದೆ ಅಂದ್ರು. ಕಂಬದ ಬುಡದ ಕನೆಕ್ಟರ್‌ನಲ್ಲಿ ಮೀಟರ್ ಇಟ್ಟರೆ 12.6 ವೋಲ್ಟ್ ಇದೆ. ಬದಲಾಯಿಸೋದಾ?
— ಓದುಗರು, ಸಕಲೇಶಪುರ

ಉತ್ತರ: ಬೇಡ, ದುಡ್ಡು ಜೇಬಲ್ಲೇ ಇರಲಿ. ಹಾಸನದಲ್ಲಿ ಕೂತವನಿಗೆ ರೇಡಾರ್ ಪ್ರಶ್ನೆ ಬಂದಿದ್ದು ಖುಷಿಯೇ, ಇಲ್ಲಿ ನಮಗಿರೋದು ಹೇಮಾವತಿ ಹಿನ್ನೀರು, ಅದಕ್ಕೆ ಕಣ್ಣೇ ಸಾಕು. ನಾನು ಹಡಗಿನಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿದ ಕಾಲದ ನೆನಪಿಂದ ಹೇಳ್ತೀನಿ.

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಮ್ಯಾಗ್ನೆಟ್ರಾನ್ ಹಳತಾದರೆ ದೂರದ ದೋಣಿಗಳು ಮಸುಕಾಗುತ್ತವೆ, ಆಮೇಲೆ ಹತ್ತಿರದವೂ ಕಾಣಲ್ಲ. ಇಂಜಿನ್ ಆನ್ ಮಾಡಿದ ತಕ್ಷಣ ಅದು ಗುಣವಾಗಲ್ಲ, ಅಲ್ವಾ? ಇಂಜಿನ್ ಓಡಿದರೆ ಬದಲಾಗೋದು ಒಂದೇ: ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಸೇರಿ 12 ಚಿಲ್ಲರೆ ಇದ್ದ ವೋಲ್ಟೇಜ್ 14ರ ಹತ್ತಿರ ಹೋಗುತ್ತೆ.

ಫೆಬ್ರವರಿ, ಮಾರ್ಚಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕೋವಾಗ ನಿಮ್ಮ ಪಂಪ್‌ಸೆಟ್ ಏನು ಮಾಡುತ್ತೆ? ಮೋಟಾರ್ ಆಫ್ ಇದ್ದಾಗ ಮೀಟರ್ ಸರಿಯಾಗೇ ತೋರಿಸುತ್ತೆ, ಸ್ಟಾರ್ಟರ್ ಒತ್ತಿದರೆ ‘ಹುಂ’ ಅಂತ ಕೂರುತ್ತೆ. ನಿಮ್ಮ 12.6 ಕೂಡ ಅದೇ ಥರದ್ದು. ಕರೆಂಟ್ ಹರಿಯದೇ ಇದ್ದಾಗ ಕಿಲುಬು ಹಿಡಿದ ತಂತಿಯೂ ಪೂರ್ತಿ ವೋಲ್ಟೇಜ್ ತೋರಿಸುತ್ತೆ.

ಲೆಕ್ಕ ನೋಡಿ. ಬ್ಯಾಟರಿಯಿಂದ ಸ್ಕ್ಯಾನರ್‌ವರೆಗೆ 18 ಮೀಟರ್ ಅಂದುಕೊಳ್ಳಿ, ಹೋಗಿ ಬರೋಕೆ 36. ತಂತಿ 1.5 ಚದರ ಮಿಲಿಮೀಟರಿನ ತಾಮ್ರ ಆದರೆ, ಟ್ರಾನ್ಸ್‌ಮಿಟ್ ಒತ್ತಿ 3 ಆಂಪಿಯರ್ ಹರಿದಾಗ ದಾರಿಯಲ್ಲೇ ಸುಮಾರು 1.25 ವೋಲ್ಟ್ ಖರ್ಚು. ಒಂದು ಕೆಟ್ಟ ಜಾಯಿಂಟ್ ಇನ್ನೊಂದು ವೋಲ್ಟ್ ತಿಂದರೆ, 12.2 ಇದ್ದ ಬ್ಯಾಟರಿಯಿಂದ ಮೇಲೆ ತಲುಪೋದು 10. ಕೆಲವು ಮಾದರಿಗೆ ಕನಿಷ್ಠ 10.8 ಬೇಕು. ಅದೇ 14 ಇದ್ದರೆ ಇಷ್ಟೆಲ್ಲ ಕಳೆದೂ ಮೇಲೆ 11.7 ಉಳಿಯುತ್ತೆ, ಅದಕ್ಕೇ ಓಡುತ್ತೆ.

ಹಾಗಾಗಿ ಟ್ರಾನ್ಸ್‌ಮಿಟ್ ಒತ್ತಿ, ಆ ಗಳಿಗೆಯಲ್ಲೇ ಅಳೆಯಿರಿ. ಇನ್ನೂ ಸುಲಭದ್ದು: ಮೀಟರಿನ ಒಂದು ಕಡ್ಡಿಗೆ ಉದ್ದ ತಂತಿ ಕಟ್ಟಿ ಬ್ಯಾಟರಿಯ ಪ್ಲಸ್‌ಗೆ ಇಡಿ, ಇನ್ನೊಂದನ್ನು ಕನೆಕ್ಟರಿನ ಪ್ಲಸ್‌ಗೆ. ಮೀಟರ್ ತೋರಿಸಿದಷ್ಟೂ ದಾರಿಯಲ್ಲಿ ಸೋರಿದ್ದು. ಆಮೇಲೆ ಮೈನಸ್ ಕಡೆಯೂ ಹಾಗೇ ನೋಡಿ, ಅದನ್ನು ಎಲ್ಲರೂ ಮರೀತಾರೆ. ನಾನೂ ಮರೆತಿದ್ದೆ! ಒಂದು ದೋಣಿಗೆ ಹೊಸ ಮ್ಯಾಗ್ನೆಟ್ರಾನ್ ಹಾಕಿಸಿದೆ, ತೊಂದರೆ ಹಾಗೇ ಇತ್ತು. ಕೊನೆಗೆ ನೋಡಿದರೆ ಮೈನಸ್ ತಂತಿಯ ತುದಿಗೆ ಒತ್ತಿ ಹಾಕೋ ಲಗ್ ಒಳಗೆ ತಾಮ್ರ ಹಸಿರು ಪುಡಿಯಾಗಿತ್ತು, ಉಗುರಲ್ಲಿ ಕೆರೆದರೆ ಉದುರುತ್ತಿತ್ತು. ಮಾಲೀಕರು ಅದರ ಬಿಲ್ಲು ತೋರಿಸಿ ಇವತ್ತಿಗೂ ನಗ್ತಾರೆ.

ಕಂಬದ ಬುಡದ ಕನೆಕ್ಟರ್ ಬಿಚ್ಚಿ ನೋಡಿ, ನನ್ನ ಅನುಮಾನ ಅದರ ಮೇಲೇ ಜಾಸ್ತಿ. ತಂತಿಯನ್ನು ಹೊಳೆಯುವ ತಾಮ್ರ ಸಿಗೋವರೆಗೆ ಹಿಂದಕ್ಕೆ ಕತ್ತರಿಸಿ ಹೊಸ ಲಗ್ ಹಾಕಿಸಿ. ತವರ ಲೇಪಿಸಿದ ತಂತಿ ಸಿಕ್ಕರೆ ಇನ್ನೂ ಒಳ್ಳೆಯದು. ದಪ್ಪ ಮಾತ್ರ 2.5ಕ್ಕೆ ಏರಿಸಿ, ಅಷ್ಟಕ್ಕೇ ಅರ್ಧ ವೋಲ್ಟ್ ಉಳಿಯುತ್ತೆ. ಕೇಬಲ್ ಕನೆಕ್ಟರಿಗೆ ಸೇರೋ ಮುಂಚೆ ಸ್ವಲ್ಪ ಜೋಲಾಗಿ ಇಳಿದು ಮೇಲಕ್ಕೆ ಬರಲಿ. ನಮ್ಮ ಕಡೆ ಸರ್ವಿಸ್ ವೈರನ್ನು ಮೀಟರ್ ಬೋರ್ಡಿಗೆ ತರೋವಾಗ ಮಳೆನೀರು ಒಳಗೆ ಹರೀಬಾರದು ಅಂತ ಬಗ್ಗಿಸಿ ಬಿಡ್ತಾರಲ್ಲ, ಹಾಗೆ.

ಸ್ಕ್ಯಾನರಿನ ಮುಚ್ಚಳ ಮಾತ್ರ ನೀವು ತೆಗೀಬೇಡಿ. ಒಳಗೆ ಸಾವಿರಗಟ್ಟಲೆ ವೋಲ್ಟ್ ಇರುತ್ತೆ, ಆಫ್ ಮಾಡಿದ ಮೇಲೂ ಕಂಡೆನ್ಸರ್‌ನಲ್ಲಿ ಉಳಿದಿರುತ್ತೆ.

ಪ್ರಶ್ನೆ: ಸಮುದ್ರದಲ್ಲಿರೋ ಹಾಯಿದೋಣಿಯ ರೇಡಾರಿಗೆ ನಮ್ಮ ಕುದುರೆಮುಖ ಕಾಣುತ್ತಾ?
— ಓದುಗರು, ಚಿಕ್ಕಮಗಳೂರು

ಉತ್ತರ: ಎತ್ತರದ ಲೆಕ್ಕದಲ್ಲಿ ಕಾಣಬೇಕು. ಮೀಟರಿನಲ್ಲಿ ಎತ್ತರದ ವರ್ಗಮೂಲವನ್ನು 2.2ರಿಂದ ಗುಣಿಸಿದರೆ ರೇಡಾರಿನ ದಿಗಂತ ನಾಟಿಕಲ್ ಮೈಲಿನಲ್ಲಿ (ಸಮುದ್ರದ ಮೈಲಿ, ಸುಮಾರು 1.85 ಕಿಲೋಮೀಟರ್) ಸಿಗುತ್ತೆ. ಕುದುರೆಮುಖ ಸುಮಾರು 1,890 ಮೀಟರ್, ಅಂದರೆ 95 ಮೈಲಿ. ಕಂಬದಲ್ಲಿ 6 ಮೀಟರ್ ಮೇಲಿರೋ ಸ್ಕ್ಯಾನರಿನದು ಬರೀ 5.4. ಎರಡೂ ಕೂಡಿದರೆ ನೂರು ಮೈಲಿ. ಆದರೆ ಚಿಕ್ಕ ರೇಡಾರುಗಳ ಪರದೆ ಸಾಮಾನ್ಯವಾಗಿ 24 ಮೈಲಿಗೇ ಮುಗಿಯುತ್ತೆ, ಶಿಖರ ಕರಾವಳಿಯಿಂದಲೇ ಸುಮಾರು 50 ಕಿಲೋಮೀಟರ್, ಅಂದರೆ 27 ಮೈಲಿ ಒಳಗಿದೆ. ಮೋಡ ಇಲ್ಲದ ಬೆಳಿಗ್ಗೆ ಕಣ್ಣಿಗೇ ಕಂಡೀತು, ಆ ರೇಡಾರಿಗಲ್ಲ.