ದೇವರಾಣೆ ಇಲ್ಲದ ಸಾಕ್ಷಿ

ಪ್ರಶ್ನೆ: ಜಮೀನಿನ ಕೇಸಿನಲ್ಲಿ ನಮ್ಮ ಪರ ಸಾಕ್ಷಿ ಹೇಳುವವರು ನಾಸ್ತಿಕರು. ದೇವರ ಭಯವಿಲ್ಲದವರ ಮಾತಿಗೆ ಕೋರ್ಟಿನಲ್ಲಿ ಬೆಲೆ ಇದೆಯೇ? ಧರ್ಮವಿಲ್ಲದೆ ನೀತಿ ಬರುವುದಾದರೂ ಎಲ್ಲಿಂದ?

ಉತ್ತರ: ಬೆಲೆ ಇದೆ, ಗುಲಗಂಜಿಯಷ್ಟೂ ಕಡಿಮೆಯಿಲ್ಲ. 1969ರ ಪ್ರಮಾಣ ಕಾಯಿದೆಯಲ್ಲಿ ಎರಡು ದಾರಿಗಳಿವೆ: ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೇ ಸತ್ಯನಿಷ್ಠೆಯ ದೃಢೀಕರಣ. ಕಟಕಟೆ ಹತ್ತಿದಾಗ ‘ದೃಢೀಕರಿಸುತ್ತೇನೆ’ ಎಂದು ಮೊದಲೇ ಬೆಂಚ್ ಕ್ಲರ್ಕ್‌ಗೆ ತಿಳಿಸಲಿ. ರೂಢಿಬಲದಲ್ಲಿ ಕ್ಲರ್ಕ್ ‘ದೇವರ ಹೆಸರಿನಲ್ಲಿ’ ಎಂದು ಶುರು ಮಾಡಿಬಿಡುವುದುಂಟು. ಗೀತೆಯ ಮೇಲೆ ಕೈ ಇಡಿಸುವುದೆಲ್ಲ ಸಿನಿಮಾ ಕೋರ್ಟು; ಕಾಯಿದೆಯ ನಮೂನೆಯಲ್ಲಿ ಯಾವ ಗ್ರಂಥವೂ ಇಲ್ಲ. ಸುಳ್ಳು ಹೇಳಿದರೆ ಆಣೆ ಮಾಡಿದವರಿಗೂ ದೃಢೀಕರಿಸಿದವರಿಗೂ ಒಂದೇ ಶಿಕ್ಷೆ: ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 229ನೇ ಸೆಕ್ಷನ್‌ನಡಿ 7 ವರ್ಷದವರೆಗೆ ಜೈಲು, ಜತೆಗೆ ದಂಡ.

ಎರಡನೇ ಪ್ರಶ್ನೆಗೂ ಪ್ರಮಾಣ ಕಾಯಿದೆಯ 4ನೇ ಸೆಕ್ಷನ್‌ನಲ್ಲಿ ಅರ್ಧ ಉತ್ತರ ಸಿಗುತ್ತದೆ. 12 ವರ್ಷದೊಳಗಿನ ಮಗುವಿಗೆ ಪ್ರಮಾಣವೆಂದರೇನೆಂದು ತಿಳಿಯದಿದ್ದರೂ, ನಿಜ ಹೇಳಬೇಕೆಂಬುದು ತಿಳಿದಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಪ್ರಮಾಣವಿಲ್ಲದೆಯೇ ಸಾಕ್ಷ್ಯ ಪಡೆಯಬಹುದು. ಅಂದರೆ ಆಣೆ ಬೇರೆ, ಸತ್ಯದ ಅರಿವು ಬೇರೆ.

ಹಳೆಯ 1873ರ ಕಾಯಿದೆಯಲ್ಲಿ ‘ಎದುರು ಪಾರ್ಟಿ ಗುಡಿಯಲ್ಲಿ ಆಣೆ ಮಾಡಲಿ, ಒಪ್ಪುತ್ತೇನೆ’ ಎನ್ನಲು ಅವಕಾಶವಿತ್ತು. ಆಣೆ ಮಾಡಿದರೆ ಆ ಮಾತೇ ಅಂತಿಮ. ‘ಧರ್ಮಸ್ಥಳಕ್ಕೆ ಬಾ, ಆಣೆ ಹಾಕು’ ಎನ್ನುವ ನಮ್ಮ ಜನಕ್ಕೆ ಹಿಡಿಸುವ ಏರ್ಪಾಡೇ. ಎಡವಟ್ಟು ಎಲ್ಲಿ ಗೊತ್ತೇ? ದೇವರಿಗೆ ಹೆದರುವವನು ಬದುವಿನ ಬಗ್ಗೆ ಚೂರು ಅನುಮಾನವಿದ್ದರೂ ಹಿಂಜರಿಯುತ್ತಾನೆ. ಹೆದರದವನು ಕರ್ಪೂರ ಆರಿಸಿ ಜಮೀನು ಹೊಡೆದುಕೊಳ್ಳುತ್ತಾನೆ. ಈಗಿನ ಕಾಯಿದೆಯಲ್ಲಿ ಅದಕ್ಕೆ ಜಾಗವಿಲ್ಲ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಗೆಳೆಯನ ಪೆನ್ಸಿಲ್ ಕದ್ದು ತಂದಿದ್ದಾನೆ. ‘ಪಾಪ ಬರುತ್ತೆ’ ಎನ್ನದೆ ತಿದ್ದುವುದು ಹೇಗೆ?

ಉತ್ತರ: ಅಮೆರಿಕದ ಮನಃಶಾಸ್ತ್ರಜ್ಞ ಲ್ಯಾರಿ ನೂಚಿ, ಕಟ್ಟಾ ದೈವಭಕ್ತರಾದ ಆಮಿಷ್ ಕ್ರೈಸ್ತರ ಮಕ್ಕಳನ್ನು ಕೇಳಿದ್ದರು: ದೇವರು ಬೇಡ ಅನ್ನದಿದ್ದರೆ ಭಾನುವಾರ ಕೆಲಸ ಮಾಡಬಹುದಿತ್ತೇ? ಮಾಡಬಹುದಿತ್ತು ಎಂದವು. ಒಬ್ಬರನ್ನು ಹೊಡೆಯಬಹುದಿತ್ತೇ? ಆಗಲೂ ತಪ್ಪೇ ಎಂದವು ಬಹುಪಾಲು ಮಕ್ಕಳು.

ಆದ್ದರಿಂದ ಪೆನ್ಸಿಲ್ ಇನ್ನೂ ಕೈಯಲ್ಲಿರುವಾಗಲೇ ‘ಅವನೀಗ ಯಾವುದರಲ್ಲಿ ಬರೀತಾನೆ?’ ಎಂದು ಕೇಳಿ. ನಾಳೆ ಇವನೇ ವಾಪಸ್ ಕೊಡಲಿ. ಕ್ಲಾಸಿನೆದುರು ಕ್ಷಮೆ ಕೇಳಿಸಬೇಡಿ. ಅದರಿಂದ ಮುಚ್ಚಿಡುವುದನ್ನಷ್ಟೇ ಕಲಿಯುತ್ತಾನೆ. ಬರೀ ಪಾಪದ ಹೆದರಿಕೆ ಹುಟ್ಟಿಸಿದರೆ, ಕದ್ದರೂ ಏನೂ ಆಗಲಿಲ್ಲ ಎಂದು ಗೊತ್ತಾದ ದಿನ ಆ ಕಾರಣ ಮುಗಿಯಿತು. ಹಾಗಂತ ಅಜ್ಜಿ ಹೇಳುವ ಹರಿಶ್ಚಂದ್ರನ ಕಥೆಗೇನೂ ಅಡ್ಡಿಯಿಲ್ಲ.