ನಿಕಲ್ ಲೇಪನ ಸುಲಿಯುವುದೇಕೆ?

ಪ್ರಶ್ನೆ: ನಮ್ಮ ಘಟಕದಲ್ಲಿ ಉಕ್ಕಿನ ಬಿಡಿಭಾಗಗಳಿಗೆ ನಿಕಲ್ ಪ್ಲೇಟಿಂಗ್ ಮಾಡುತ್ತೇವೆ. ಕೆಲವು ಭಾಗಗಳಲ್ಲಿ ಲೇಪನ ಗುಳ್ಳೆಯೆದ್ದು ಸುಲಿಯುತ್ತಿದೆ. ಬ್ರೈಟನರ್ (ಹೊಳಪಿಗಾಗಿ ಲೇಪನದ ದ್ರಾವಣಕ್ಕೆ ಸೇರಿಸುವ ರಾಸಾಯನಿಕ) ಹೆಚ್ಚಿಸಿದರೂ ತಿರಸ್ಕೃತವಾಗುವ ಮಾಲು ಕಡಿಮೆಯಾಗಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ಬ್ರೈಟನರ್ ಸೇರಿಸುವುದನ್ನು ದಯವಿಟ್ಟು ನಿಲ್ಲಿಸಿ, ಅದು ಮಿತಿಮೀರಿದರೆ ಪದರವು ಬಿರುಸಾಗಿ ಸುಲಿಯುವಿಕೆ ಇನ್ನಷ್ಟು ಹೆಚ್ಚಬಹುದು. ಲೇಪನ ಸುಲಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಅಡಿಯಲ್ಲಿ ಬರಿಯ ಉಕ್ಕು ಕಂಡರೆ ದೋಷವು ಹೆಚ್ಚಾಗಿ ಶುಚೀಕರಣದಲ್ಲಿ ಅಥವಾ ಆಮ್ಲದ ತೊಟ್ಟಿಯಲ್ಲಿರುತ್ತದೆ. ಅಡಿಯಲ್ಲೂ ನಿಕಲ್ಲೇ ಕಂಡರೆ, ಲೇಪನದ ನಡುವೆ ವಿದ್ಯುತ್ ಸಂಪರ್ಕ ಕಡಿದು ಮತ್ತೆ ಬಂದಿರುವ ಸಾಧ್ಯತೆಯಿರುವುದರಿಂದ, ಭಾಗಗಳನ್ನು ತೂಗುಹಾಕುವ ರ್‍ಯಾಕಿನ ಕೊಕ್ಕೆಗಳನ್ನೂ ತೊಟ್ಟಿಗೆ ವಿದ್ಯುತ್ ತರುವ ಲೋಹದ ಪಟ್ಟಿಯಾದ ಬಸ್‌ಬಾರ್‌ನ ಜೋಡಣೆಗಳನ್ನೂ ಪರೀಕ್ಷಿಸಬೇಕು.

ಶುಚೀಕರಣವನ್ನು ಅಳೆಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಬಿಡಿಭಾಗವನ್ನು ಶುದ್ಧ ನೀರಿನಿಂದ ಮೇಲೆತ್ತಿ ಸುಮಾರು 30 ಸೆಕೆಂಡು ಗಮನಿಸಿದಾಗ ನೀರಿನ ಪೊರೆ ಎಲ್ಲೂ ಒಡೆಯದೆ ಹರಡಿಕೊಂಡಿದ್ದರೆ ಮೇಲ್ಮೈಯಲ್ಲಿ ಎಣ್ಣೆಯಿಲ್ಲ. ನೀರು ಹನಿಹನಿಯಾಗಿ ಸರಿದರೆ ಎಣ್ಣೆ ಉಳಿದಿದೆ. ಬಿಡಿಭಾಗವನ್ನು ಆಮ್ಲದಲ್ಲಿ ಅದ್ದಿ ತೊಳೆದ ನಂತರವೇ ಈ ಪರೀಕ್ಷೆ ಮಾಡಬೇಕು, ಏಕೆಂದರೆ ಕ್ಷಾರೀಯ ಕ್ಲೀನರ್‌ನ ಸಾಬೂನಿನಂಶ ಮೇಲ್ಮೈಯಲ್ಲಿ ಉಳಿದಿದ್ದರೆ ಜಿಡ್ಡಿನ ಮೇಲೂ ನೀರು ಹರಡಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಅನೇಕ ಘಟಕಗಳು ಈ ಕ್ರಮವನ್ನೇ ಕಡೆಗಣಿಸುತ್ತವೆ ಎಂಬುದು ನಿಜಕ್ಕೂ ಬೇಸರದ ಸಂಗತಿ.

ಇಷ್ಟಾದ ಮೇಲೆ ದ್ರಾವಣದ ಸರದಿ. 267 ಮಿಲಿಲೀಟರಿನ ಹಲ್ ಸೆಲ್ ಎಂಬ ಪುಟ್ಟ ಪರೀಕ್ಷಾ ತೊಟ್ಟಿಯಲ್ಲಿ ಒಂದು ತಗಡಿಗೆ ಲೇಪಿಸಿದರೆ, ಕಡಿಮೆ ಹಾಗೂ ಹೆಚ್ಚು ವಿದ್ಯುತ್ ಸಾಂದ್ರತೆಗಳಲ್ಲಿ ದ್ರಾವಣದ ವರ್ತನೆ ಒಟ್ಟಿಗೇ ಕಾಣುತ್ತದೆ. ತಿರಸ್ಕೃತ ಭಾಗವು ರ್‍ಯಾಕಿನ ಯಾವ ಸ್ಥಾನದಲ್ಲಿತ್ತೆಂದು ಪ್ರತಿ ಪಾಳಿಯಲ್ಲೂ ಬರೆದಿಡಿ. ದೋಷ ಒಂದೇ ಸ್ಥಾನದಲ್ಲಿ ಮರುಕಳಿಸಿದರೆ ದ್ರಾವಣಕ್ಕಿಂತ ಮೊದಲು ಆ ಕೊಕ್ಕೆಯನ್ನು ಬದಲಿಸಿ.