ಕಪ್ಪೆ ಎಣಿಸುವ ಮಗಳು

ಓದುಗರ ಪತ್ರ: ನಿಮ್ಮ ವನ್ಯಜೀವಿ ಲೇಖನ ಓದಿದ ಮೇಲೆ ನನ್ನ ಮಗಳ ಹಠ ಇಮ್ಮಡಿಯಾಗಿದೆ. ಎಂ.ಎಸ್ಸಿ. ಮುಗಿಸಿದವಳು ಇನ್ನು ಐದು ವರ್ಷ ಕಾಡಿನ ತೊರೆಗಳಲ್ಲಿ ಕಪ್ಪೆ ಎಣಿಸುತ್ತಾಳಂತೆ. ಕಾಡನ್ನು ಉಳಿಸುವವನು ಬಂದೂಕು ಹಿಡಿದ ವನರಕ್ಷಕನೇ ಹೊರತು ನೋಟ್‌ಬುಕ್ ಹಿಡಿದ ಸಂಶೋಧಕನಲ್ಲ. ಎಣಿಸಿದ್ದರಿಂದ ಯಾವ ಪ್ರಾಣಿ ಉಳಿದಿದೆ, ಹೇಳಿ.

ಸಂಪಾದಕರ ಉತ್ತರ: ಹೆಸರು ಅಚ್ಚು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಕಿಲ್ಲ. ಆದರೆ ನಿಮ್ಮ ಮಗಳು ನಮ್ಮ ಪತ್ರಿಕೆ ಓದುವವಳು. ಅಪ್ಪನ ಧಾಟಿಯನ್ನು ಗುರುತಿಸದೆ ಇರಲಾರಳು.

ವನರಕ್ಷಕರ ಬಗ್ಗೆ ನೀವು ಹೇಳಿದ್ದು ನಿಜ. ಮಳೆ, ಚಳಿ ಎನ್ನದೆ ಗಸ್ತು ತಿರುಗುವ ಅವರಿಲ್ಲದಿದ್ದರೆ ಎಣಿಸುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ. ನಿಮ್ಮ ವಾದಕ್ಕೆ ಸಲ್ಲಬೇಕಾದ ಗೌರವ ಇಲ್ಲಿಗೆ ಸಂದಿತು.

ಇನ್ನು ನಿಮ್ಮ ಸವಾಲು. ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಪಕ್ಷಿತಜ್ಞ ವಿಭು ಪ್ರಕಾಶ್ 1980ರ ದಶಕದಲ್ಲಿ ರಣಹದ್ದುಗಳ ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದರು. ಎಲ್ಲೆಲ್ಲೂ ಕಾಣುತ್ತಿದ್ದ ಹಕ್ಕಿಯ ಲೆಕ್ಕ ಆಗ ಯಾರಿಗೆ ಬೇಕಿತ್ತು? ಸುಮಾರು ಹತ್ತು ವರ್ಷಗಳ ನಂತರ ಅಲ್ಲೇ ಮತ್ತೆ ಎಣಿಸಿದಾಗ ಅರ್ಧದಷ್ಟು ಗೂಡುಗಳೇ ಇರಲಿಲ್ಲ. ಹಳೆಯ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ‘ಈ ವರ್ಷ ಹದ್ದು ಸ್ವಲ್ಪ ಕಡಿಮೆ’ ಎಂದು ಮಾತು ಮುಗಿಯುತ್ತಿತ್ತು. ಆ ಎಚ್ಚರಿಕೆಯ ಬೆನ್ನು ಹತ್ತಿದವರು 2004ರಲ್ಲಿ ಕಾರಣವನ್ನು ಪ್ರಕಟಿಸಿದರು: ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ. ಅದರ ಅಂಶವಿದ್ದ ಹೆಣ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ಭಾರತ ಪಶುಗಳಿಗೆ ಆ ಔಷಧ ಬೇಡವೆಂದಿತು. ಹದ್ದುಗಳು ಇನ್ನೂ ಮೊದಲಿನಂತಾಗಿಲ್ಲ, ಒಪ್ಪುತ್ತೇನೆ. ಆದರೆ ಆ ಔಷಧದ ಸೀಸೆಯನ್ನು ಯಾವ ಬಂದೂಕು ತಡೆಯುತ್ತಿತ್ತು?

ಎಣಿಸುವುದಕ್ಕೂ ವಿದ್ಯೆ ಬೇಕು, ಸ್ವಾಮಿ. ಹೆಜ್ಜೆಗುರುತಿನ ಮೇಲೆ ಗಾಜಿಟ್ಟು ಗೆರೆ ಎಳೆದು ಹುಲಿಗಳನ್ನು ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ರಾಜಸ್ಥಾನದ ಸರಿಸ್ಕಾ ಹುಲಿಧಾಮದ ಕಾಗದಗಳಲ್ಲಿ ಹುಲಿಗಳು ಸುಖವಾಗಿದ್ದವು. 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ಹೆಜ್ಜೆಯನ್ನು ನಂಬಬೇಡಿ, ಒಂದರ ಪಟ್ಟೆ ಇನ್ನೊಂದಕ್ಕಿಲ್ಲ, ಕ್ಯಾಮೆರಾ ಇಟ್ಟು ಪಟ್ಟೆ ನೋಡಿ ಎಂದು ನಾಗರಹೊಳೆಯಲ್ಲಿ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಅದಕ್ಕೂ ಎಷ್ಟೋ ಮುಂಚೆ ತೋರಿಸಿಕೊಟ್ಟಿದ್ದರು. ಅಂದ ಹಾಗೆ, ಅವರು ಓದಿದ್ದು ಎಂಜಿನಿಯರಿಂಗ್. ಅವರನ್ನೂ ಯಾರಾದರೂ ನಿಮ್ಮಂತೆಯೇ ಕೇಳಿರಬೇಕು.

ಮುದುಮಲೈಯಲ್ಲಿ 1988ರಿಂದ 50 ಹೆಕ್ಟೇರ್ ಕಾಡಿನ ಮರಗಳಿಗೆಲ್ಲ ಸಂಖ್ಯೆ ಕೊಟ್ಟು, ಹುಟ್ಟಿದ್ದು ಸತ್ತದ್ದನ್ನು ಬರೆದಿಡುತ್ತಿದ್ದಾರೆ. ಮರ ಅಳೆಯುವ ಅಂಥದೇ ಇನ್ನೊಂದು ತಂಡದ ಹಿಂದೆ ನಾನು ಒಮ್ಮೆ ಒಂದು ದಿನ ಅಲೆದಿದ್ದೆ. ಹುಡುಗನೊಬ್ಬ ನೆಲದಿಂದ 1.3 ಮೀಟರ್ ಮೇಲೆ ಕಾಂಡಕ್ಕೆ ಟೇಪು ಸುತ್ತಿ ಅಳತೆ ಕೂಗುತ್ತಿದ್ದ. ಹುಡುಗಿ ಅದನ್ನೇ ಮರಳಿ ಹೇಳಿ ಬರೆದುಕೊಳ್ಳುತ್ತಿದ್ದಳು. ಸಂಜೆಯವರೆಗೂ ಇಷ್ಟೇ. ಬೇಸತ್ತು, “ಆನೆ ಬರುವುದಿಲ್ಲವೇನಮ್ಮ?” ಎಂದೆ. “ಬರದಿದ್ದರೇ ಒಳ್ಳೆಯದು ಸಾರ್, ಇನ್ನೂ ನಲವತ್ತು ಮರ ಬಾಕಿ ಇವೆ” ಎಂದಳು. ಆ ಲೇಖನಕ್ಕೆ ನಾನು ಹಾಕಿಸಿದ ಮುಖಪುಟ ಯಾವುದು ಗೊತ್ತೇ? ಆನೆಯದು. ನಿಮ್ಮನ್ನು ಗದರಿಸುವ ಮುನ್ನ ಇದನ್ನು ಹೇಳಿಬಿಡಬೇಕಿತ್ತು.

ಪತ್ರಿಕೆಗಳು ಹೀಗೆ, ಹಣ ಕೊಡುವವರು ಇನ್ನೊಂದು ಬಗೆ. ಸಂಶೋಧನೆಗೆ ಮೂರು ವರ್ಷ ಮಂಜೂರು ಮಾಡುತ್ತಾರೆ. ಆನೆ ಗರ್ಭ ಹೊರುವುದೇ 22 ತಿಂಗಳು! ಮೂರನೆಯ ವರ್ಷ ಬಂದು ‘ಹೊಸದೇನು ಸಿಕ್ಕಿತು’ ಎನ್ನುತ್ತಾರೆ. ‘ಅದೇ ಜಾಗವನ್ನು ಇನ್ನೂ ಹದಿನೈದು ವರ್ಷ ನೋಡಬೇಕಾಗಿದೆ’ ಎಂದು ಬರೆದ ಅರ್ಜಿ ಬುಟ್ಟಿ ಸೇರುತ್ತದೆ. ಜರ್ಮನಿಯ 63 ರಕ್ಷಿತ ಪ್ರದೇಶಗಳಲ್ಲಿ ಹಾರುವ ಕೀಟಗಳ ತೂಕ 27 ವರ್ಷಗಳಲ್ಲಿ ಮುಕ್ಕಾಲು ಪಾಲು ಕರಗಿತೆಂದು 2017ರಲ್ಲಿ ಜಗತ್ತಿಗೆ ತಿಳಿಯಿತಲ್ಲ, ಅದಕ್ಕಾಗಿ ವರ್ಷವರ್ಷವೂ ಬಲೆ ಕಟ್ಟಿ ತೂಗಿದವರು ಅಲ್ಲಿನ ಕ್ರೆಫೆಲ್ಡ್ ಊರಿನ ಕೀಟಾಸಕ್ತರ ಸಂಘದವರು, ಹೆಚ್ಚಿನವರು ಹವ್ಯಾಸಿಗಳು. ಸಂಬಳದ ಸಂಸ್ಥೆಗಳಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು?

ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಮೇಲೆ ಅಚ್ಚು ಹಾಕಿಲ್ಲ: ‘ಫೆಲೋಶಿಪ್ ಮುಗಿದ ಮೇಲೆ ಅವಳ ಗತಿ ಏನು?’ ವನರಕ್ಷಕ, ಬಂದೂಕು ಎಲ್ಲ ನೆಪ. ನಿಮ್ಮನ್ನು ಕೊರೆಯುತ್ತಿರುವುದು ಇದು. ಹುದ್ದೆಗಳು ಕಡಿಮೆ, ಆಕಾಂಕ್ಷಿಗಳು ಬಹಳ. ಸಮಾಧಾನದ ಸುಳ್ಳು ಹೇಳಲಾರೆ. ಆದರೆ ಆ ಸಿಟ್ಟನ್ನು ಕಪ್ಪೆಯ ಮೇಲೆ ತೀರಿಸಿಕೊಳ್ಳಬೇಡಿ.

ಈ ಮಳೆಗಾಲ ಒಂದು ರಾತ್ರಿ ಅವಳ ಜೊತೆ ತೊರೆಗೆ ಹೋಗಿ. ಕತ್ತಲಲ್ಲಿ ಕಪ್ಪೆಯನ್ನು ಕೂಗಿನಿಂದಲೂ ಗುರುತಿಸುತ್ತಾರೆ. ಹಾಗಾಗಿ ಟಾರ್ಚ್ ಆರಿಸಿ, ಅವಳು ಹೇಳುವ ತನಕ ಮಾತಾಡಬೇಡಿ. ಎಷ್ಟು ಬಗೆಯ ಕೂಗು ಕೇಳಿಸಿತೆಂದು ನಮಗೆ ಬರೆಯಿರಿ. ಆ ಪತ್ರವನ್ನು ಹೆಸರಿನೊಂದಿಗೇ ಅಚ್ಚು ಹಾಕೋಣ.